ಎಪ್ಪತ್ತಾರರವರೆಗೆ ಅತ್ತವಳು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೆನ್ನೆ ಹಿಡಿದು ಕೂತಿದ್ದ ದರ್ಜಿಗೆ ಎದುರಿನ ಬೆಂಚಿನವಳ ಗುರುತು ಹತ್ತಿತು. ತಮಿಳು, ತೆಲುಗು ಸಿನಿಮಾಗಳಲ್ಲಿ ನಾಯಕನ ತಾಯಿಯಾಗುವವಳು! ಪಕ್ಕದಲ್ಲಿ ಅವಳ ಅಕ್ಕ ಗೊಣಗುತ್ತಿದ್ದಳು.

“ನಾಳೆ ಶೂಟಿಂಗ್ ಇಟ್ಕೊಂಡು ಇವತ್ತು ಹಲ್ಲು ಕೀಳಿಸ್ತೀಯಲ್ಲೇ! ಮುಖ ಊದಿ ಪಾತ್ರ ಕೈತಪ್ಪಿದ್ರೆ?”

“ಊದಲಿ ಬಿಡಕ್ಕ. ಅತ್ತೂ ಅತ್ತೂ ಹಾಗಾಗಿದೆ ಅನ್ಕೋತಾರೆ.”

“ಮಾತು ತೊದಲಿದ್ರೆ?”

“ತೆಲುಗಲ್ಲಿ ನಾನೆಲ್ಲಿ ಮಾತಾಡ್ತೀನಿ? ಒಂದು, ಎರಡು, ಮೂರು ಅಂತ ಎಣಿಸ್ತೀನಿ. ಆಮೇಲೆ ಬೇರೆಯವಳು ದನಿ ಕೊಡ್ತಾಳೆ.”

“ಇಪ್ಪತ್ತು ವರ್ಷ ಆಯ್ತು, ಕಲೀಬಾರ್ದಾ?”

“ತಮಿಳು ಕಲಿತೆ. ತೆಲುಗಿನವರು ಕಲಿಯೋಷ್ಟು ಹೊತ್ತು ನನ್ನ ಬದುಕಿಸಲ್ಲ, ಇಂಟರ್‌ವಲ್‌ಗೆ ಮುಂಚೇನೇ ಸಾಯಿಸ್ತಾರೆ.”

“ಮತ್ತೆ ಆ ಆಸ್ಪತ್ರೆ ಸೀನಲ್ಲಿ ಹೆಣದ ಮುಂದೆ ಗೋಳಾಡಿದ್ಯಲ್ಲ? ಊರಿಗೂರೇ ಅತ್ತಿತ್ತು.”

ದರ್ಜಿಯೂ ಅತ್ತಿದ್ದ, ಎರಡು ಸಲ ಟಿಕೆಟ್ ತಗೊಂಡು.

“ಅದಾ? ಹೆಣಕ್ಕೆ ಬಟ್ಟೆ ಹೊದಿಸಿದ್ರು. ಗಂಡ ಅನ್ಕೊಂಡು ಎಪ್ಪತ್ತಾರರವರೆಗೂ ಎಣಿಸ್ದೆ. ಆಮೇಲೆ ನೋಡಿದ್ರೆ, ಸತ್ತಿರೋದು ಮಗ ಅಂದ್ರು.”

“ಅಯ್ಯೋ! ಏನ್ ಮಾಡಿದೆ?”

ಒಳಗಿಂದ ನರ್ಸ್ ಕರೆದಳು. ತಂಗಿ ಬ್ಯಾಗನ್ನು ಅಕ್ಕನ ಮಡಿಲಿಗೆ ಹಾಕಿ ಎದ್ದಳು.

“ಹೆತ್ತ ಕರುಳಲ್ವಾ ಅಕ್ಕ? ಮತ್ತೆ ಒಂದರಿಂದ ಶುರು ಮಾಡ್ದೆ, ಇನ್ನೂ ಜೋರಾಗಿ.”