ಐವತ್ತು ಸಾವಿರ ಬಾಯಿ ಕೂಗಿದ ಹೆಸರು

ಜರ್ಮನಿ ದೇಶದಲ್ಲಿ, ಹೊಳೆದಂಡೆಯ ಒಂದೂರಲ್ಲಿ, ಇಪ್ಪತ್ತು ವರ್ಷದ ಒಬ್ಬ ಸಿರಿವಂತನಿದ್ದ. ಹೊಲಮನೆಯ ಸಿರಿಯಲ್ಲ, ಹೆಸರಿನ ಸಿರಿ. ಹೆನ್ನರ್ ಲಿಂಡೆ ಎಂಬ ಫುಟ್‌ಬಾಲ್ ಆಟಗಾರ. ಊರಿನ ತಂಡ ಹೊಡೆದ ಗೋಲುಗಳಲ್ಲಿ ಅರ್ಧ ಅವನವೇ. ಕ್ಷೌರದಂಗಡಿಗೆ ಹೋದ ಮಕ್ಕಳೆಲ್ಲ ಅವನ ಹಾಗೆಯೇ ಕೂದಲು ಕತ್ತರಿಸಿಕೊಂಡು ಬರುತ್ತಿದ್ದರು.

ಅಲ್ಲಿ ಒಂದು ಪದ್ಧತಿಯಿದೆ, ನೋಡಿ. ಗೋಲು ಬಿದ್ದೊಡನೆ ಮೈಕಿನವನು ಹೊಡೆದವನ ಮೊದಲ ಹೆಸರು ಕೂಗುತ್ತಾನೆ. ಮನೆತನದ ಹೆಸರನ್ನು ಜನ ಕೂಗಬೇಕು. ನಮ್ಮ ಭಜನೆಯಲ್ಲಿ ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯುವುದಿಲ್ಲವೇ, ಹಾಗೆ. "ಹೆನ್ನರ್!" ಎಂದರೆ ಐವತ್ತು ಸಾವಿರ ಜನ "ಲಿಂಡೆ!" ಮೂರು ಸಲ. ಆ ಕೂಗು ಕಿವಿಗೆ ಬಿದ್ದರೆ ಹುಡುಗನಿಗೆ ನೆಲ ಕಾಣುತ್ತಿರಲಿಲ್ಲ. ನಮಗಾದರೂ ಕಾಣುತ್ತಿತ್ತೇ?

ಅದೇ ತಂಡದಲ್ಲಿ ಗೆರ್ಟ್ ಓಸ್ಟರ್ ಎಂಬ ಹಿರಿಯನಿದ್ದ. ಹನ್ನೆರಡು ವರ್ಷದಿಂದ ಹಿಂದಿನ ಸಾಲಿನಲ್ಲಿ ನಿಂತು ಕೋಟೆ ಕಾದವನು. ಒಂದು ಗೋಲೂ ಹೊಡೆದವನಲ್ಲ.

"ಏನ್ ಮರಿ, ಚೆಂಡಿನ ಮೇಲೂ ನಿನ್ ಹೆಸ್ರೇ ಬರೆಸ್ಬಿಟ್ಟಿದೀಯಾ? ಒಂದ್ಸಲ ನನ್ ಕಡೆಗೂ ತಳ್ಳೋ," ಎನ್ನುತ್ತಿದ್ದ.

"ನಿಂಗ್ ಕೊಟ್ರೆ, ತಾತಾ, ಅದು ಸೀದಾ ಪಿಂಚಣಿ ಆಫೀಸಿಗೆ ಹೋಗತ್ತೆ!"

ವರ್ಷದ ಕೊನೆಯ ಪಂದ್ಯ ಬಂತು. ಗೆಲ್ಲದಿದ್ದರೆ ತಂಡ ಕೆಳದರ್ಜೆಗೆ. ಕೊನೆಯ ನಿಮಿಷ. ಮೂಲೆಯಿಂದ ಹಾರಿಬಂದ ಚೆಂಡಿಗೆ ಹೆನ್ನರ್, ಗೆರ್ಟ್ ಇಬ್ಬರೂ ಒಟ್ಟಿಗೇ ನೆಗೆದರು. ಚೆಂಡು ಬಲೆಯೊಳಗೆ! ತಾಗಿದ್ದು ಗೆರ್ಟನ ತಲೆಗೆ, ಗೊತ್ತಿದ್ದುದು ಅವರಿಬ್ಬರಿಗೇ. ಮೈಕಿನವನು ರೂಢಿಯ ಮೇಲೆ "ಹೆನ್ನರ್!" ಎಂದ. "ಲಿಂಡೆ!" ಆಕಾಶ ನಡುಗಿತು.

ಹೆನ್ನರ್ ಸುಮ್ಮನಿದ್ದರೆ ಸಾಕಿತ್ತು, ಗೋಲು ಅವನದೇ ಆಗುತ್ತಿತ್ತು. ಬಿದ್ದಲ್ಲಿಂದಲೇ ಗೆರ್ಟ್ ನಕ್ಕ: "ಇರ್ಲಿ ಬಿಡೋ. ಗೆದ್ವಲ್ಲ."

ಆ ಮಾತು ಹುಡುಗನ ಎದೆಯನ್ನು ಸೀಳಿತು. ಎರಡೂ ಕೈ ಬೀಸಿ "ನಾನಲ್ಲ, ನಾನಲ್ಲ!" ಎಂದವನೇ ಗೆರ್ಟನ ಅಂಗಿ ಹಿಡಿದೆಳೆದು ಜನರೆದುರು ನಿಲ್ಲಿಸಿ ಅವನ ತಲೆ ತೋರಿಸಿದ.

ಮೈಕಿನವನಿಗೆ ಅರ್ಥವಾಯಿತು. "ಗೆರ್ಟ್!"

ಹನ್ನೆರಡು ವರ್ಷ ಆಡಿದವನ ಮನೆತನದ ಹೆಸರು ಯಾರ ನಾಲಿಗೆಯ ಮೇಲೂ ಇರಲಿಲ್ಲ. ಹೆನ್ನರ್ ಒಬ್ಬನೇ ಗಂಟಲು ಹರಿಯುವಂತೆ ಕೂಗಿದ: "ಓಸ್ಟರ್!" ಮೈಕಿನವನು ಎರಡನೆಯ ಸಲ ಕರೆದಾಗ ಜನರ ಒಂದು ಮಗ್ಗುಲು ದನಿಗೂಡಿಸಿತು. ಮೂರನೆಯ ಸಲ ಐವತ್ತು ಸಾವಿರ! ಗೋಡೆಯಂಥ ಆ ಆಳು ಅಂಗಿಯಲ್ಲಿ ಮುಖ ಮುಚ್ಚಿಕೊಂಡ. ಕರೆಸಿಕೊಳ್ಳುವುದಕ್ಕಿಂತ ಕರೆಯುವುದು ಸಿಹಿಯೆಂದು ಹುಡುಗನಿಗೆ ಅಂದು ತಿಳಿಯಿತು.

ಈಗ ನಿಮ್ಮನ್ನು ಕೇಳುತ್ತೇನೆ, ತಾಯಂದಿರೇ. ನೆಂಟರು "ಸಾರು ಅಮೃತ" ಎಂದಾಗ ತಲೆದೂಗುತ್ತೀರಲ್ಲ, ಒಗ್ಗರಣೆ ಹಾಕಿದ ಸೊಸೆಯ ಹೆಸರು ಬಾಯಿಗೆ ಬಂತೇ? ಸ್ವಾಮಿ, ಗುಮಾಸ್ತ ಬರೆದ ವರದಿಗೆ ನೀವು ಶಾಲು ಹೊದಿಸಿಕೊಂಡಾಗ? ಸುಮ್ಮನಿರುವುದೂ ಕಳವೇ! ನಾಳೆಯಿಂದ ಹೊಗಳಿಕೆ ಬಂದರೆ ನುಂಗಬೇಡಿ. ದುಡಿದವರನ್ನು ಕೈಹಿಡಿದು ಮುಂದೆ ತನ್ನಿ, ಅವರ ಹೆಸರನ್ನು ನೀವೇ ಮೊದಲು ಹೇಳಿ. ದೇವರ ನಾಮ ನುಡಿಯುವ ನಾಲಿಗೆಗೆ ಮನುಷ್ಯರ ಹೆಸರು ಭಾರವಾಗಬಾರದು.