ಮಾವನ ಫೋಟೋಗೊಂದು ಜಾಗ

ಹೊಸ ತಿಪ್ಪಸಂದ್ರದ ಕಂಪ್ಯೂಟರ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಶ್ರೀಕಂಠಯ್ಯನವರು ತಮ್ಮ ಸರದಿಗೆ ಕಾಯುತ್ತಿದ್ದರು. ಹೆಂಡತಿ ತೀರಿಕೊಂಡಾಗಿನಿಂದ ಯಾರ ಮಾತೂ ಅವರ ಮನಸ್ಸಿಗೆ ಹತ್ತುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಕೂತಿದ್ದ ಅತ್ತೆ ಸೊಸೆಯರ ಮಾತು ಕೇಳದೆ ಇರಲು ಸಾಧ್ಯವಿರಲಿಲ್ಲ. ರಿಪೇರಿಯವನು ಆ ಇಬ್ಬರ ಕಂಪ್ಯೂಟರ್ ಡಬ್ಬ ಬಿಚ್ಚಿ, ಬ್ಲೋವರಿನಿಂದ ಧೂಳು ಊದುತ್ತಿದ್ದ. ಅಂಗಡಿ ತುಂಬ ಊದುಬತ್ತಿಯ ವಾಸನೆ.

“ನೋಡಿದ್ರಾ ಅತ್ತೆ? ಧೂಳಲ್ಲ, ಎಲ್ಲಾ ಊದುಬತ್ತಿ ಬೂದಿ. ಫ್ಯಾನು ಒಳಗೆ ಎಳ್ಕೊಂಡ್ಬಿಟ್ಟಿದೆ.”

“ನಾನೇನ್ಮಾಡ್ಲಿ ಸುಕನ್ಯಾ? ನಿಮ್ಮಾವನ ಫೋಟೋ ಅದರ ಮೇಲೇ ಇದೆಯಲ್ಲ.”

“ಅದನ್ನ ತೆಗೀರಿ ಅಂತಾನೇ ಹೇಳ್ತಿರೋದು. ಇನ್ನೊಂದ್ಸಲ ಕೆಟ್ರೆ ನನ್ನ ಟೈಪಿಂಗ್ ಕೆಲಸ ಹೋಗತ್ತೆ.”

“ಅವರು ದಿನಾ ಕೂತು ಇಸ್ಪೀಟ್ ಆಡ್ತಿದ್ದ ಜಾಗ ಕಣೇ ಅದು.”

“ಆಡ್ತಾ ಆಡ್ತಾ ಸಿಗರೇಟ್ ಬೂದಿ ಉದುರಿಸ್ತಿದ್ರು. ಈಗ ನೀವು ಶುರು ಮಾಡಿದೀರಿ. ಕಂಪ್ಯೂಟರೂ ಪಾಪ ಉಸಿರಾಡ್ಬೇಕಲ್ವಾ? ಟೀವಿ ಮೇಲೆ ಇಡೋಣ.”

“ಬೇಡಮ್ಮ. ನಾನು ಧಾರಾವಾಹಿ ಹಾಕಿದ್ರೆ ದುರುಗುಟ್ಕೊಂಡು ನೋಡ್ತಾರೆ.”

“ಫ್ರಿಜ್ ಮೇಲೆ?”

ಅತ್ತೆ ಸೆರಗಿನ ಮೇಲೆ ಬಿದ್ದ ಬೂದಿ ಕೊಡವಿಕೊಂಡರು.

“ಸಕ್ಕರೆ ಕಾಯಿಲೆ ಅಂತ ಐದು ವರ್ಷ ಅವರಿಗೆ ಆ ಫ್ರಿಜ್ ಮುಟ್ಟೋಕೆ ಬಿಡ್ಲಿಲ್ಲ ನಾನು.”

“ಈಗ ಮುಟ್ಲಿ ಬಿಡಿ ಅತ್ತೆ.”

ಅಷ್ಟರಲ್ಲಿ ಡಬ್ಬ ಸಿದ್ಧವಾಯಿತು. ಸೊಸೆ ಅದನ್ನು ಎತ್ತಿಕೊಂಡಳು. ಶ್ರೀಕಂಠಯ್ಯನವರು ಕಾಲು ಸರಿಸಿ ದಾರಿ ಬಿಟ್ಟರು.

“ಹಾಗಾದ್ರೆ ದಾರೀಲಿ ಕಾಲು ಕೆಜಿ ಮೈಸೂರ್‌ಪಾಕ್ ತಗೊಳ್ಳೋಣ,” ಎಂದು ಅತ್ತೆ ಮುಂದೆ ಹೋಗಿ ಬಾಗಿಲು ಹಿಡಿದರು. “ಇನ್ನೇನಾಗತ್ತೆ ಅವರಿಗೆ?”