ಬೆನ್ನಿನ ಕಡೆಯ ಕ್ಲಿಪ್ಪುಗಳು

ಮುಂದಿನ ಸಾಲಿನಲ್ಲಿ ಕೂತಿರುವ ಕ್ಲಿಪ್ಪಕ್ಕನ ಮಗಳಿಗೆ, ತಮ್ಮನವರಿಗೆ, ಪತ್ರಿಕೆಯ ಗೆಳೆಯರಿಗೆ, ಹೊಲಿಗೆ ಕೋಣೆಯಿಂದ ಬಂದಿರುವ ಅಕ್ಕಂದಿರಿಗೆ — ನಮಸ್ಕಾರ.

ಕಳೆದ ವಾರ ನಮ್ಮನ್ನು ಅಗಲಿದವರನ್ನು ನಾವು ಕ್ಲಿಪ್ಪಕ್ಕ ಎನ್ನುತ್ತಿದ್ದೆವು. ಇಪ್ಪತ್ತಮೂರು ವರ್ಷ ನಮ್ಮ ಫ್ಯಾಷನ್ ಪುಟಗಳ ಸಂಪಾದಕಿ. ಕಾಲರಿನ ತುಂಬ ಕ್ಲಿಪ್ಪು. ರೂಪದರ್ಶಿಗೆ ಉಡುಪು ದೊಗಳೆಯಾದರೆ ಬೆನ್ನಿನ ಕಡೆ ಬಟ್ಟೆ ಎಳೆದು ಹಿಡಿದು — ಹೀಗೆ, ಹೀಗೆ — ಕ್ಲಿಪ್ಪು ಕಚ್ಚಿಸುತ್ತಿದ್ದರು. ಮುಂದಿನಿಂದ ನೋಡಿದರೆ ಮೈಗೆ ಎರಕ ಹೊಯ್ದಂತೆ. ಓದುಗರಿಗೆ ಕಾಣುವುದು ಮುಂದಿನದಷ್ಟೇ.

ಒಮ್ಮೆ ಒಬ್ಬ ಹೆಣ್ಣುಮಗಳ ಕಾಗದ ಬಂತು. "ಅದೇ ಅಂಗಿ ಕೊಂಡೆ. ನನಗೆ ಹಾಗೆ ಕೂರಲಿಲ್ಲ. ನನ್ನ ಮೈಯಲ್ಲೇ ಏನೋ ದೋಷವಿರಬೇಕು." ಕ್ಲಿಪ್ಪಕ್ಕ ಅದನ್ನು ಸಭೆಯಲ್ಲಿ ಓದಿ, "ಒಂದ್ಸಲ ಬೆನ್ನಿನ ಫೋಟೋನೂ ಹಾಕೋಣ ಸಾರ್" ಎಂದರು.

"ಅಡುಗೆಮನೆ ತೋರಿಸಿ ಯಾರಾದ್ರೂ ಊಟಕ್ಕೆ ಕರೀತಾರೇನಮ್ಮ?" ಎಂದರು ಪ್ರಧಾನ ಸಂಪಾದಕರು. ನಾವೆಲ್ಲ ನಕ್ಕೆವು. ನಾನೂ ನಕ್ಕೆ.

ಆ ವಾರವೇ ಕ್ಲಿಪ್ಪಕ್ಕನ ರಾಜೀನಾಮೆ. ಐವತ್ತೊಂದನೆಯ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದು ಬೆನ್ನುಗಳನ್ನೇ ತೆಗೆದರು — ಕ್ಲಿಪ್ಪು ಕಚ್ಚಿದ ಬೆನ್ನು, ಹೊಲಿಗೆ ಯಂತ್ರದ ಮುಂದೆ ಬಾಗಿದ ಈ ಅಕ್ಕಂದಿರ ಬೆನ್ನು. ಯಾವ ಪ್ರಕಾಶಕರೂ ಮುಟ್ಟಲಿಲ್ಲ. ಮನೆಯ ಇಸ್ತ್ರಿ ಮೇಜಿನ ಮೇಲೆ ಪುಟ ಜೋಡಿಸಿ ತಾವೇ ಪ್ರಕಾಶಕಿಯಾದರು. ಪುಸ್ತಕದ ಹೆಸರು 'ಬೆನ್ನು'.

ಮೊದಲ ಪ್ರತಿಯನ್ನು ನನ್ನ ಮೇಜಿಗೇ ತಂದರು. ವಿಮರ್ಶೆಯ ಪುಟ ನೋಡುವವಳು ನಾನು.

"ಹೊಗಳಬೇಡ ಕಣೇ. ಬೇಕಾದ್ರೆ ಬೈದು ಬರಿ. ಆದ್ರೆ ಬರಿ."

"ಈ ಸಲ ಜಾಗ ಇಲ್ಲ ಅಕ್ಕ. ಮುಂದಿನ ಸಂಚಿಕೇಲಿ ನೋಡೋಣ."

ಆ ಮುಂದಿನ ಸಂಚಿಕೆ ನಾಲ್ಕು ವರ್ಷವಾದರೂ ಬರಲಿಲ್ಲ. ಪ್ರಧಾನ ಸಂಪಾದಕರ ಭಯ — ಅದಕ್ಕೆ ಬೇರೆ ಹೆಸರು ಬೇಡ. ನನ್ನ ಕಂಪ್ಯೂಟರಿನ ಪರದೆ ತುಸು ತಗ್ಗಾಗಿತ್ತು. ಪುಸ್ತಕ ದಪ್ಪಗಿತ್ತು. ಪರದೆಯ ಕೆಳಗೆ ಇಟ್ಟುಕೊಂಡೆ. ಇವತ್ತು ಬೆಳಿಗ್ಗೆ ಈ ಮಾತಿಗೆಂದು ಎಳೆದು ತೆಗೆದೆ — ನೋಡಿ, ಮುಖಪುಟದ ಮೇಲೆ ಪರದೆಯ ಕಾಲಿನ ಗುರುತು.

ಮೊನ್ನೆ ಮಗಳಿಗೆ ಫೋನ್ ಮಾಡಿದ್ದೆ. "ಅಮ್ಮನ ಒಂದು ಒಳ್ಳೆ ಫೋಟೋ ಕಳಿಸಮ್ಮ, ಇಡೀ ಪುಟ ಹಾಕ್ತಿದ್ದೀವಿ."

ಅವಳು ಕೇಳಿದಳು — "ಈಗ ಜಾಗ ಸಿಕ್ತಾ, ಆಂಟಿ?"

ಇಷ್ಟು ಹೊತ್ತು ನಾನು ಆಡಿದ್ದು ಅದಕ್ಕೆ ಉತ್ತರವಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮೌನ. ಪತ್ರಿಕೆಯವರಾದ ನಮಗೆ ಕಷ್ಟವೇನಿಲ್ಲ — ಕ್ಲಿಪ್ಪಕ್ಕನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ನಾಲ್ಕು ವರ್ಷದಿಂದ ರೂಢಿಯಾಗಿದೆ.